ಕಾಫಿಗೆ ಬೈಯದ ದಿನಗಳು

ನನ್ನ ಗಂಡ ಬೆಳಗಿನ ಕಾಫಿಗೆ ಬೈಯುವುದನ್ನು ನಿಲ್ಲಿಸಿದಾಗ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಹಚ್ಚಿದ್ದೆ. ಮದುವೆಯಾದ ಮಾರನೆಯ ದಿನದಿಂದ ಆ ಲೋಟದ ಹೆಸರಿನಲ್ಲಿ ನನಗೆ ಅರ್ಚನೆ ತಪ್ಪಿರಲಿಲ್ಲ. ಡಿಕಾಕ್ಷನ್ ಒಲೆಯ ಮೇಲಿಟ್ಟಿದ್ದೀಯ, ಹಾಲು ಜಾಸ್ತಿ ಕಾದಿದೆ, ಪುಡಿ ಡಬ್ಬಿಯ ಮುಚ್ಚಳ ತೆರೆದಿಟ್ಟಿದ್ದೆ ಅಲ್ವಾ, ಫಿಲ್ಟರಿನ ತಳ ಸರಿಯಾಗಿ ತೊಳೆದಿಲ್ಲ, ಹೀಗೆ ಒಂದಲ್ಲ ಒಂದು. ನಾನೂ ಬಾಯಿ ಮುಚ್ಚಿಕೊಂಡಿರುವ ಪೈಕಿಯಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. "ಬೇಕಾದ್ರೆ ಕುಡೀರಿ, ಬೇಡ್ದಿದ್ರೆ ಬಾಳೆ ಬುಡಕ್ಕೆ ಹಾಕಿ" ಎನ್ನುತ್ತಿದ್ದೆ. ಅವರು ಬೈದುಕೊಂಡೇ ಪೂರ್ತಿ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು, ಕೆಲಸಕ್ಕೆ ಹೊರಡುತ್ತಿದ್ದರು.

ಅವರ ಕೆಲಸವೇ ಹುಳುಕು ಹುಡುಕುವುದು. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ರುಚಿ ನೋಡುವವರು. ಎಸ್ಟೇಟುಗಳಿಂದ ಮೂಟೆ ಮೂಟೆ ಬರುವ ಕಾಫಿಯಲ್ಲಿ ಪ್ರತಿ ಲಾಟಿನಿಂದಲೂ ಒಂದಿಷ್ಟು ಬೀಜ ತೆಗೆದು, ಹುರಿದು, ಪುಡಿ ಮಾಡಿ, ಐದು ಕಪ್ಪುಗಳಿಗೆ ಹಾಕಿ ಬಿಸಿನೀರು ಸುರಿಯುತ್ತಾರೆ. ಹಾಲಿಲ್ಲ, ಸಕ್ಕರೆಯಿಲ್ಲ. ಇವರು ಒಂದೊಂದೇ ಕಪ್ಪಿನಿಂದ ಚಮಚದಲ್ಲಿ ಸೊರ್ರನೆ ಎಳೆದು, ಬಾಯಲ್ಲೆಲ್ಲ ಆಡಿಸಿ, ಉಗುಳಿ, ಮುಂದಿನ ಕಪ್ಪಿಗೆ ಹೋಗುತ್ತಾರೆ. ಒಂದೇ ಕಾಫಿಗೆ ಐದು ಕಪ್ಪು ಯಾಕೆಂದು ಹೊಸದರಲ್ಲಿ ಕೇಳಿದ್ದೆ. "ಇಡೀ ಮೂಟೇಲಿ ಕೆಟ್ಟ ಕಾಳು ಅಲ್ಲೊಂದು ಇಲ್ಲೊಂದು ಇರ್ತದೆ. ಒಂದೇ ಕಪ್ ಕುಡಿದ್ರೆ ಸಿಕ್ಕಿಬೀಳಲ್ಲ. ಐದರಲ್ಲಿ ಒಂದು ಕೆಟ್ಟು, ನಾಲ್ಕು ಅಮೃತ ಇದ್ರೂ ನಾನು ಆ ಲಾಟ್ ಪಾಸ್ ಮಾಡಲ್ಲ" ಎಂದಿದ್ದರು. ಆ ನಾಲಗೆಯ ಮಾತಿಗೆ ಎದುರಾಡುವವರು ಈ ಸೀಮೆಯಲ್ಲಿ ಯಾರೂ ಇರಲಿಲ್ಲ, ಮನೆಯಲ್ಲಿ ನಾನೊಬ್ಬಳನ್ನು ಬಿಟ್ಟು.

ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಇಟ್ಟುಕೊಂಡವಳು. ಊರಿನಲ್ಲಿ ಎಲ್ಲರೂ ಮಿಷನ್ನಿಗೆ ಮೋಟರ್ ಹಾಕಿಸಿದರೂ ನಾನು ತುಳಿಯುವುದನ್ನು ಬಿಟ್ಟಿಲ್ಲ. ನನ್ನ ಕಾಲು ಸುಮ್ಮನಿರುವ ಕಾಲಲ್ಲ. ಮದುವೆ ಮನೆಯಲ್ಲಿ ಕೂತರೂ, ಬಸ್ಸಿನಲ್ಲಿ ಕೂತರೂ ಪಾದ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. "ಯಾರ ಬ್ಲೌಸ್ ಹೊಲೀತಿದ್ಯೇ?" ಎಂದು ಇವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತುವುದು ರೂಢಿ. ಅವರು ಕೂತಲ್ಲಿ ಕೂರುವ ಮನುಷ್ಯ, ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಕಾರು ಓಡಿಸುವುದೂ ನಾನೇ. ಅವರು ಕಲಿಯುತ್ತೇನೆ ಕಲಿಯುತ್ತೇನೆ ಎಂದು ಕಲಿಯಲೇ ಇಲ್ಲ, ಕೀ ನನ್ನ ಹತ್ತಿರವೇ ಉಳಿಯಿತು.

ಆ ವರ್ಷ ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಇವರ ಬೈಗುಳ ನಿಂತಿತು. ಲೋಟ ಕೊಟ್ಟರೆ ಸುಮ್ಮನೆ ಕುಡಿದು ಇಡುತ್ತಿದ್ದರು. "ಹೇಗಿದೆ?" ಎಂದರೆ "ಚೆನ್ನಾಗಿದೆ" ಎನ್ನುತ್ತಿದ್ದರು. ಗಂಡಸರಿಗೆ ವಯಸ್ಸಾದ ಮೇಲೆ ಬುದ್ಧಿ ಬರುತ್ತದೆ ಎಂದು ಬ್ಲೌಸ್ ಅಳತೆ ಕೊಡಲು ಬಂದ ಹೆಂಗಸರ ಹತ್ತಿರವೆಲ್ಲ ಜಂಬ ಕೊಚ್ಚಿಕೊಂಡೆ. ಅವರು ಲೋಟದ ಹಿಂದೆಯೇ ಎರಡು ಚೊಂಬು ನೀರು ಕುಡಿಯುವುದನ್ನೂ, ಸೋಫಾದಿಂದ ಏಳುವಾಗ ಎರಡು ಕೈ ಊರುವುದನ್ನೂ ನಾನು ಕಂಡೆ. ಕಂಡರೂ ಎಂತದೂ ಅನ್ನಿಸಲಿಲ್ಲ. ಮನೆಯಲ್ಲಿ ಅಷ್ಟು ನೆಮ್ಮದಿ ಇತ್ತು.

ನಮ್ಮ ಮನೆಯಲ್ಲಿ ಹೀಗೆ ನೆಮ್ಮದಿ ನೆಲೆಸಿದಾಗ ಹೊರಗೆ ಗಲಾಟೆ ಎದ್ದಿತ್ತು. ಇವರು ಲಾಟಿನ ಮೇಲೆ ಲಾಟು ಪಕ್ಕಕ್ಕೆ ಇಡಿಸುತ್ತಿದ್ದರು. ಹಾಲು ಸಕ್ಕರೆಯಿಲ್ಲದ ಆ ಕಪ್ಪುಗಳ ಕಾಫಿಯಲ್ಲಿ ಲೋಹದ ರುಚಿ ಇದೆ ಎಂಬುದು ಅವರ ತೀರ್ಪು. ಅದನ್ನು ಕೇಳಿದ್ದೇ ತಡ, ಈ ಗುಡ್ಡಗಳಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಪಾಪ ಹುಡುಕಿಕೊಂಡರು. ಒಬ್ಬರು ಹಣ್ಣು ಸುಲಿಯುವ ಪಲ್ಪರ್ ತುಕ್ಕು ಹಿಡಿದಿದೆ ಎಂದು ಬಿಚ್ಚಿ ಉಜ್ಜಿಸಿದರು. ಇನ್ನೊಬ್ಬರು ಕೊಳೆರೋಗಕ್ಕೆ ಹೊಡೆಸಿದ ಮೈಲುತುತ್ತದ ಔಷಧಿಯೇ ಬೀಜಕ್ಕೆ ಇಳಿದಿದೆ ಎಂದು ಆಳುಗಳ ಮೇಲೆ ಹಾರಾಡಿದರು. ಬೋರ್‌ವೆಲ್ ನೀರು ಬಿಟ್ಟು ಹಳ್ಳದ ನೀರಿನಲ್ಲಿ ತೊಳೆಸಿದವರೂ ಇದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು. ಡ್ರಮ್ಮು, ತೊಟ್ಟಿ, ನೀರು, ಔಷಧಿ ಎಲ್ಲದರ ಮೇಲೂ ಅನುಮಾನ ಹೋಯಿತು. ಆ ನಾಲಗೆಯ ಮೇಲೆ ಮಾತ್ರ ಯಾರಿಗೂ ಹೋಗಲಿಲ್ಲ, ಸ್ವತಃ ನಾಲಗೆಯ ಯಜಮಾನರಿಗೂ.

ಕೊನೆಗೆ ಇವರ ಬಾಲ್ಯದ ಗೆಳೆಯರೊಬ್ಬರು, ಮೂಡಿಗೆರೆ ಕಡೆಯ ಬೆಳೆಗಾರರು, ಒಂದು ಭಾನುವಾರ ಮಧ್ಯಾಹ್ನ ಬುಸುಗುಡುತ್ತಾ ನಮ್ಮ ಮನೆಗೇ ಬಂದರು. ಕೈಯಲ್ಲಿ ತಮ್ಮದೇ ಕಾಫಿ ಪುಡಿಯ ಪೊಟ್ಟಣ.

"ಎಂತ ಮಾರಾಯ, ನನ್ನ ಕಾಫಿಲಿ ಕಬ್ಬಿಣ ಇದೆ ಅಂದ್ಯಂತೆ? ನಾನು ತೋಟ ಮಾಡಿದ್ದಾ, ಗುಜರಿ ಅಂಗಡಿ ಇಟ್ಟಿದ್ದಾ?"

"ಇದ್ದಿದ್ದನ್ನ ಹೇಳ್ದೆ. ನಿನ್ನ ಮುಖ ನೋಡಿ ಪಾಸ್ ಮಾಡೋಕಾಗ್ತದಾ?" ಎಂದರು ಇವರು, ತಣ್ಣಗೆ.

"ಅತ್ತಿಗೆ, ಇದನ್ನ ನೀವೇ ಮಾಡಿ ಕೊಡಿ. ಇಲ್ಲೇ ತೀರ್ಮಾನ ಆಗ್ಲಿ" ಎಂದು ಪೊಟ್ಟಣ ನನ್ನ ಕೈಗೆ ಕೊಟ್ಟರು.

ಮಾಡಿ ಕೊಟ್ಟೆ, ಹಾಲು ಸಕ್ಕರೆ ಹಾಕದೆ. ನಾನೂ ಒಂದು ಗುಟುಕು ಕುಡಿದೆ. ಗೆಳೆಯರು ಕುಡಿದರು. ಹೇಳುವ ಹಾಗೆಯೇ ಇಲ್ಲ, ಅಷ್ಟು ಚೆನ್ನಾಗಿತ್ತು. ಇವರು ಸೊರ್ರನೆ ಎಳೆದು ಮುಖ ಕಿವುಚಿದರು. "ಕಬ್ಬಿಣ" ಎಂದರು. ನನಗೆ ಆಗ ಏನು ಹೊಳೆಯಿತೋ, ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟೆ. ಕುಡಿದು ನನ್ನ ಮುಖ ನೋಡಿದರು. "ಇದೂ" ಎಂದರು. ಡಬ್ಬಿಯಿಂದ ಬೆಲ್ಲದ ಚೂರು ತಂದು ಬಾಯಿಗೆ ಹಾಕಿದೆ. ಎಷ್ಟು ಹೊತ್ತಾದರೂ ಬೆಲ್ಲ ಕರಗಲಿಲ್ಲ. ಬಾಯಿ ಒಣಗಿದ ಸೌದೆಯಾಗಿತ್ತು.

"ರೀ, ಕಬ್ಬಿಣ ಇರೋದು ಕಾಫಿಲಲ್ಲ, ನಿಮ್ಮ ಬಾಯಲ್ಲಿ" ಎಂದೆ.

ಗೆಳೆಯರ ಸಿಟ್ಟು ಜರ್ರನೆ ಇಳಿದುಹೋಯಿತು. ಅವರನ್ನು ಗೇಟಿನವರೆಗೆ ಕಳಿಸಲು ಇವರು ಸೋಫಾದಿಂದ ಏಳಲು ಹೋದರು, ಆಗಲಿಲ್ಲ. ಕೂತಲ್ಲೇ ಕುಸಿದರು. ಎರಡನೇ ಸಲ ಮುಂದಕ್ಕೆ ಬಾಗಿ ಏಳಲು ನೋಡಿದಾಗ ಎದ್ದು, ಏನೂ ಆಗದವರ ಹಾಗೆ ಗೇಟಿನವರೆಗೆ ನಡೆದರು. "ಒಳ್ಳೆ ಗಬ್ಬದ ಎಮ್ಮೆ ಎದ್ದ ಹಾಗೆ ಎದ್ಯಲ್ಲ ಮಾರಾಯ" ಎಂದು ಗೆಳೆಯರು ನಕ್ಕರು. ನಾನೂ ನಕ್ಕೆ.

ಆಮೇಲೆ ಚಿಕ್ಕಮಗಳೂರಿನಲ್ಲಿ ಡಾಕ್ಟರುಗಳ ಸುತ್ತು ಶುರುವಾಯಿತು. ಸಕ್ಕರೆ ಇಲ್ಲ, ಥೈರಾಯಿಡ್ ಸರಿ ಇದೆ, ಹಲ್ಲು ಸರಿ ಇದೆ. ವಿಟಮಿನ್ ಮಾತ್ರೆ ಕೊಟ್ಟರು. ಒಬ್ಬರಂತೂ ಸೋಫಾ ಬದಲಾಯಿಸಿ ಎಂದರು. ನನಗೆ ಮೈಯೆಲ್ಲ ಉರಿಯಿತು. ಮನುಷ್ಯ ಏಳಲಾಗದೆ ಒದ್ದಾಡುತ್ತಿದ್ದರೆ ಈ ಡಾಕ್ಟರಿಗೆ ಸೋಫಾ ಚಿಂತೆ. ಇವರ ಹತ್ತಿರವೂ ಹೇಳದೆ ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರದ ಡಾಕ್ಟರನ್ನು ಕಾಣಲು ಸಮಯ ತೆಗೆದುಕೊಂಡೆ. ಬೆಳಿಗ್ಗೆ ಬೇಗ ಕಾರು ಹೊರಡಿಸಿದ ಮೇಲೆಯೇ ಇವರಿಗೆ ಹೇಳಿದ್ದು. ಚಾರ್ಮಾಡಿ ಘಾಟಿ ಇಳಿಯುವಷ್ಟು ಹೊತ್ತೂ ಗೊಣಗಿದರು. ನಾನು ತಿರುವುಗಳಲ್ಲಿ ಹಾರನ್ ಹೊಡೆಯುತ್ತಾ ಕಿವಿಗೆ ಹಾಕಿಕೊಳ್ಳಲಿಲ್ಲ.

ನರದ ಡಾಕ್ಟರು ನನಗಿಂತ ಚಿಕ್ಕವರು, ಹೆಂಗಸು, ಮಂಗಳೂರಿನ ಕಡೆಯವರೇ. ಇವರನ್ನು ಕುರ್ಚಿಯಲ್ಲಿ ಕೂರಿಸಿ, "ಕೈ ಎದೆ ಮೇಲೆ ಕಟ್ಟಿಕೊಂಡು ಏಳಿ ನೋಡುವಾ" ಎಂದರು. ಇವರು ಏಳಲಿಲ್ಲ. ಇನ್ನೊಮ್ಮೆ ಎಂದರು. ಎದ್ದರು. ಆಮೇಲೆ ಮಂಚದ ಅಂಚಿಗೆ ಕೂರಿಸಿ, ಕಾಲು ಇಳಿಬಿಡಿಸಿ, ಮೊಣಕಾಲಿನ ಕೆಳಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು. ಕಾಲು ಅಲ್ಲಾಡಲಿಲ್ಲ. ಆ ಕಾಲನ್ನು ತಮ್ಮ ಕೈಗೆ ಒತ್ತಿ ಹಿಡಿಯಲು ಹೇಳಿ, ಸ್ವಲ್ಪ ಹೊತ್ತು ಜೋರಾಗಿ ಒತ್ತಿಸಿ, ಮತ್ತೆ ತಟ್ಟಿದರು. ಕಾಲು ಟಪ್ಪನೆ ಮೇಲಕ್ಕೆ ಹಾರಿತು. ನಾನು ಸದ್ಯ ಎಂದು ಉಸಿರು ಬಿಟ್ಟೆ. ಡಾಕ್ಟರ ಮುಖ ಮಾತ್ರ ಬಿಗಿಯಿತು.

"ಹಾರಿತಲ್ಲ ಡಾಕ್ಟ್ರೇ, ಒಳ್ಳೇದೇ ಅಲ್ವಾ?" ಎಂದೆ.

"ಮೊದಲನೇ ಸಲ ಆಗದ್ದು ಎರಡನೇ ಸಲ ಆಗ್ತದಲ್ಲ, ಅದೇ ನಂಗೆ ಸಂಶಯ ಅಮ್ಮ" ಎಂದರು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಬಿಡಿಸಿ ಹೇಳಿದರು. ನರದ ತುದಿಯಲ್ಲಿ ಸಣ್ಣ ಬಾಗಿಲುಗಳಿವೆ. ಅವು ತೆರೆದರೆ ಸ್ನಾಯುವಿಗೆ ಅಪ್ಪಣೆ ಮುಟ್ಟುತ್ತದೆ, ಬಾಯಿಗೆ ನೀರೂರುವುದೂ ಹಾಗೆಯೇ. ಕೆಲವರ ರಕ್ತದಲ್ಲಿ ಆ ಬಾಗಿಲುಗಳನ್ನೇ ಮುಚ್ಚಿಸುವ ಪ್ರತಿಕಾಯ ಹುಟ್ಟಿಕೊಳ್ಳುತ್ತದೆ. ಮತ್ತೆ ಮತ್ತೆ ತಟ್ಟಿದರೆ ಬಾಗಿಲು ಸ್ವಲ್ಪ ಹೊತ್ತು ತೆರೆಯುತ್ತದೆ, ಅದಕ್ಕೇ ಎರಡನೇ ಸಲಕ್ಕೆ ಏಳಲು ಆಗುವುದು.

"ಪ್ರತಿಕಾಯ ಅಂದ್ರೆ ರೋಗದ ವಿರುದ್ಧ ಹೋರಾಡೋದು ಅಲ್ವಾ? ಕೊರೊನಾ ಕಾಲದಲ್ಲಿ ಅದು ಇದ್ರೆ ಒಳ್ಳೇದು ಅಂತಿದ್ರು" ಎಂದರು ಇವರು.

"ಹೌದು. ಅದು ಯಾರ ಮೇಲೆ ಹೋರಾಡ್ಲಿಕ್ಕೆ ಹುಟ್ಟಿತು ಅಂತ ನಾವೀಗ ನೋಡ್ಬೇಕು." ಡಾಕ್ಟರು ಚೀಟಿಯಲ್ಲಿ ಏನೋ ಬರೆದುಕೊಂಡರು. "ಸಿಗರೇಟ್ ಅಭ್ಯಾಸ ಉಂಟಾ?"

ನಾಲಗೆಯ ಕೆಲಸಕ್ಕೆ ಸೇರುವ ಮುಂಚೆ ಇವರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಆಗ ಬೆಳಗಿನಿಂದ ಸಂಜೆಯವರೆಗೆ ಸೇದುತ್ತಿದ್ದರು. ಬಿಟ್ಟು ಯಾವ ಕಾಲವಾಯಿತು. ಅದನ್ನು ಹೇಳಿದಾಗ ಡಾಕ್ಟರು ತಲೆಯಾಡಿಸಿದರು. ಶ್ವಾಸಕೋಶದಲ್ಲಿ ಒಂದು ಬಗೆಯ ಕ್ಯಾನ್ಸರ್ ಶುರುವಾದಾಗ ದೇಹ ಅದರ ಮೇಲೆ ಪ್ರತಿಕಾಯ ಬಿಡುತ್ತದಂತೆ. ಆ ಕ್ಯಾನ್ಸರಿನ ಮೈಮೇಲೂ ನರದಲ್ಲಿರುವಂಥದೇ ಬಾಗಿಲುಗಳಿರುತ್ತವಂತೆ. ಪ್ರತಿಕಾಯಕ್ಕೆ ಗುರುತು ತಪ್ಪಿ, ಅದು ನಮ್ಮ ನರವನ್ನೇ ಹಿಡಿಯುತ್ತದಂತೆ.

"ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ" ಎಂದರು ಇವರು.

"ಹಾಗೇ. ಆದ್ರೆ ಎಲ್ಲರಿಗೂ ಕ್ಯಾನ್ಸರ್ ಇರ್ಬೇಕು ಅಂತಿಲ್ಲ. ಇಲ್ಲದೆಯೂ ಈ ಕಾಯಿಲೆ ಬರ್ತದೆ. ಎರಡು ಪ್ರತಿಕಾಯಕ್ಕೆ ರಕ್ತ ಕಳಿಸ್ತೇನೆ. ಒಂದು ಕಾಯಿಲೆ ಹೌದಾ ಅಲ್ವಾ ಅಂತ ಹೇಳ್ತದೆ. ಎರಡನೇದು ಕೂಡ ಬಂದ್ರೆ, ಒಳಗೆ ಕ್ಯಾನ್ಸರ್ ಅಡಗಿ ಕೂತಿರುವ ಸಂಭವ ತುಂಬಾ ಜಾಸ್ತಿ."

ನನ್ನ ಪಾದ ಆಸ್ಪತ್ರೆಯ ನೆಲವನ್ನು ತುಳಿಯುತ್ತಿತ್ತು. ಇವರು ನೋಡಿದರು. ಈ ಸಲ ಮೊಣಕಾಲಿನ ಮೇಲೆ ಕೈಯಿಡಲಿಲ್ಲ.

ಅವತ್ತೇ ಎದೆಯ ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು. ಎರಡರಲ್ಲೂ ಏನೂ ಕಾಣಲಿಲ್ಲ. ರಕ್ತ ಮಾತ್ರ ಎಲ್ಲೋ ದೂರದ ಲ್ಯಾಬಿಗೆ ಹೋಗಬೇಕು, ವರದಿ ಬರಲು ಸಮಯ ಹಿಡಿಯುತ್ತದೆ ಎಂದರು. ಸ್ಕ್ಯಾನ್ ಸರಿಯಾಗಿದೆ ಎಂದದ್ದೇ ಇವರು ಘಾಟಿ ಹತ್ತುವಾಗ ಹಾಡು ಗುನುಗಿದರು. ನನಗೆ ಆ ಗುನುಗು ಕೇಳಿ ಇನ್ನಷ್ಟು ಕಿರಿಕಿರಿಯಾಯಿತು.

ಆ ಕಾಯುವ ದಿನಗಳಿವೆಯಲ್ಲ, ಅವು ಶತ್ರುವಿಗೂ ಬೇಡ. ಒಂದು ಬ್ಲೌಸಿಗೆ ಎರಡೂ ಎಡತೋಳನ್ನೇ ಹೊಲಿದುಬಿಟ್ಟೆ, ಮದುಮಗಳ ತಾಯಿಯಿಂದ ಬೈಸಿಕೊಂಡೆ. ಫ್ಯಾನ್ ಒರೆಸಿದೆ, ಅಟ್ಟ ಗುಡಿಸಿದೆ, ಸ್ವಚ್ಛವಿದ್ದ ಪಾತ್ರೆಗಳನ್ನೇ ಮತ್ತೆ ಬೆಳಗಿದೆ. ಫೋನ್ ಯಾರದೇ ಬಂದರೂ ಓಡಿಬಂದು ಎತ್ತುತ್ತಿದ್ದೆ. ಬ್ಯಾಂಕಿನಿಂದ ಸಾಲ ಬೇಕಾ ಎಂದು ಕೇಳಿದ ಹುಡುಗಿಯೊಬ್ಬಳಿಗೆ ಕಿರುಚಿದೆ, ಪಾಪ. ಇವರು ರಜೆ ಹಾಕಿ ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಕಾಫಿ ಕೊಟ್ಟರೆ "ಚೆನ್ನಾಗಿದೆ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. "ಚೆನ್ನಾಗಿದೆ ಅನ್ಬೇಡಿ! ಗೊತ್ತಾಗ್ತಿಲ್ಲ ಅನ್ನಿ!" ಎಂದು ಕೂಗಿಬಿಟ್ಟೆ. ಅವರು ಲೋಟ ಕೆಳಗಿಟ್ಟು, "ಹೊರನಾಡಿಗೆ ಹೋಗಿ ಬರೋಣ್ವಾ?" ಎಂದರು. ಅವರಿಗೆ ಭಕ್ತಿ ಉಕ್ಕಿ ಬಂದದ್ದಲ್ಲ. ನನ್ನನ್ನು ಮನೆಯಿಂದ ಹೊರಗೆ ಹಾಕಬೇಕಿತ್ತು. ಕಾರು ಓಡಿಸುವಾಗ ಮಾತ್ರ ನಾನು ಸ್ವಲ್ಪ ಹದದಲ್ಲಿರುತ್ತೇನೆ ಎಂದು ಅವರಿಗೆ ಗೊತ್ತು.

ಹೊರನಾಡಿನಲ್ಲಿ ಬಂದವರಿಗೆಲ್ಲ ಊಟ. ನೆಲದ ಮೇಲೆ ಸಾಲಾಗಿ ಕೂತು ಉಂಡು, ಸಾಲಿನವರದೆಲ್ಲ ಮುಗಿದ ಮೇಲೆ ಒಟ್ಟಿಗೆ ಏಳಬೇಕು. ಗೋಡೆಯ ಪಕ್ಕ ಟೇಬಲ್ ಹಾಕಿದ್ದರು, ಮೊಣಕಾಲು ನೋವಿನವರಿಗೆ. ಅಲ್ಲಿ ಕೂರಿ ಎಂದರೆ ಇವರು ಕೇಳಲಿಲ್ಲ, ದೇವರ ಊಟಕ್ಕೆ ಕುರ್ಚಿಯಾ ಎಂದು ಕೆಳಗೇ ಕೂತರು. ಅನ್ನ, ಸಾರು, ಪಾಯಸ ಎಲ್ಲ ಉಂಡರು. ಸಾಲಿನವರೆಲ್ಲ ಎದ್ದರು, ಇವರು ಉಳಿದರು. ಮುಂದಿನ ಪಂಕ್ತಿಯವರು ಬಾಗಿಲಲ್ಲಿ ನಿಂತಿದ್ದಾರೆ, ನೆಲ ಒರೆಸುವವರು ಬಂದರು. ಇವರು ಒಂದು ಕೈ ಊರಿದರು, ಎರಡು ಕೈ ಊರಿದರು. ಬಡಿಸುವವರಲ್ಲಿ ಒಬ್ಬರು ಸೌಟು ಕೆಳಗಿಟ್ಟು ಬಂದು ತೋಳಿಗೆ ತೋಳು ಕೊಟ್ಟು, ನಾನು ಇನ್ನೊಂದು ಕಡೆ ಹಿಡಿದು ಎತ್ತಿದೆವು. ಇವರ ಮುಖ ಕೆಂಪಾಗಿತ್ತು. ಅಷ್ಟು ಜನರ ಮುಂದೆ ಹೆಂಡತಿಯ ಹತ್ತಿರ ಎತ್ತಿಸಿಕೊಂಡದ್ದು ಅವರಿಗೆ ಸಾವಿನಷ್ಟಾಯಿತು. ನನಗೆ ಅಳು ಬಂತು. ಅಳುವುದನ್ನು ಬಿಟ್ಟು, "ಕುರ್ಚಿಲಿ ಕೂರಿ ಅಂದ್ರೆ ಕೇಳ್ತೀರಾ?" ಎಂದು ಗದರಿದೆ.

ಕಳಸಕ್ಕೆ ಬರುವ ತನಕ ಫೋನಿಗೆ ಸಿಗ್ನಲ್ ಇರಲಿಲ್ಲ. ಪೇಟೆಯ ರಸ್ತೆಯಲ್ಲಿ ಜೀಪುಗಳ ನಡುವೆ ನುಗ್ಗುತ್ತಿದ್ದಾಗ ಟಣ್ ಟಣ್ ಎಂದು ಒಟ್ಟಿಗೆ ಸದ್ದುಗಳು. ಕಾರನ್ನು ಒಂದು ಬದಿಗೆ ಹಾಕಿದೆ. ಮಂಗಳೂರಿನ ಡಾಕ್ಟರು ಎಷ್ಟೋ ಸಲ ಕರೆ ಮಾಡಿದ್ದರು. ನಾನು ತಿರುಗಿ ಮಾಡಿದೆ.

"ವರದಿ ಬಂದಿದೆ ಅಮ್ಮ. ಎರಡೂ ಪ್ರತಿಕಾಯ ಉಂಟು. ಇನ್ನೊಂದು ಬಗೆಯ ಸ್ಕ್ಯಾನ್ ಮಾಡ್ಬೇಕು, ಇಡೀ ಮೈದು. ತಡ ಮಾಡ್ಬೇಡಿ, ಕೂಡಲೇ ಬನ್ನಿ."

ಎರಡೂ ಎಂದರೆ ಏನೆಂದು ನನಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಇವರು ಕಿಟಕಿಯ ಆಚೆ ನೋಡುತ್ತಾ ಕೂತರು. ಆಮೇಲೆ ಕತ್ತು ಕೊಡವಿ, "ಒಂದು ಸ್ಕ್ಯಾನ್ ಆಯ್ತಲ್ಲ. ಏನೂ ಇಲ್ಲ ಅಂತ ಅವ್ರೇ ಹೇಳಿದ್ರು. ಇಲ್ಲದ್ದನ್ನ ಎಷ್ಟು ಸಲ ಹುಡುಕ್ತಾರೆ? ನಾನು ಹೋಗಲ್ಲ" ಎಂದರು.

"ಹೋಗಲ್ವಾ?"

"ಇಲ್ಲ ಅಂದ್ನಲ್ಲ. ಇದ್ರೆ ಇರ್ಲಿ. ಗೊತ್ತಾದ್ರೆ ಮಾತ್ರ ಎಂತ ಮಾಡೋಕಾಗ್ತದೆ?"

ನನಗೆ ಬಂದ ಸಿಟ್ಟಿನಲ್ಲಿ ಏನೇನು ಅಂದೆನೋ. ಹೆದರುಪುಕ್ಕಲ ಎಂದೆ. ನಾನು ಸತ್ತರೂ ನಿಮಗೆ ಇಷ್ಟೇ ಎಂದೆ. ಈರುಳ್ಳಿ ಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಕಾರು ಹೊರಡಿಸಿದೆ. ಕಳಸದಿಂದ ಕೊಟ್ಟಿಗೆಹಾರದ ದಾರಿಯಲ್ಲಿ ಸುಮ್ಮನೆ ಒಂದೇ ಒಂದು ಮಾತೂ ಆಡದೆ ಓಡಿಸಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಬಾಯಿ ತೆರೆದರೆ ಏನಾಗುತ್ತದೋ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಎರಡು ಬದಿಗೂ ತೋಟ, ಕಾಫಿ ಹೂವು ಬಾಡಿ ಕಂದಾಗಿತ್ತು.

ಕೊಟ್ಟಿಗೆಹಾರದಲ್ಲಿ ದಾರಿ ಒಡೆಯುತ್ತದೆ. ಎಡಕ್ಕೆ ಹೋದರೆ ಮೂಡಿಗೆರೆ, ನಮ್ಮ ಚಿಕ್ಕಮಗಳೂರು. ಬಲಕ್ಕೆ ಹೋದರೆ ಘಾಟಿ ಇಳಿದು ಮಂಗಳೂರು. ನಾನು ಎಡಕ್ಕೆ ಇಂಡಿಕೇಟರ್ ಹಾಕಿದ್ದೆ.

"ನಿಲ್ಸು" ಎಂದರು.

ನೀರುದೋಸೆ ಹೋಟೆಲಿನ ಮುಂದೆ ನಿಲ್ಲಿಸಿದೆ. ಇವರು ಕೈ ಮುಂದೆ ಚಾಚಿ ಒಂದೊಂದೇ ಬೆರಳು ಮಡಚಿದರು. "ಎಕ್ಸ್‌ರೇ ಸರಿ ಇದೆ. ಸ್ಕ್ಯಾನ್ ಸರಿ ಇದೆ. ಕೆಮ್ಮಿಲ್ಲ. ತೂಕ ಇಳಿದಿಲ್ಲ." ಹೆಬ್ಬೆರಳು ಒಂದೇ ಉಳಿಯಿತು. ಅದನ್ನೇ ನೋಡುತ್ತಾ, "ರಕ್ತ ಒಂದು ಕೆಟ್ಟಿದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಐದರಲ್ಲಿ ಒಂದು ಕಪ್ ಕೆಟ್ಟ ಲಾಟನ್ನ ನಾನು ಯಾವತ್ತಾದ್ರೂ ಪಾಸ್ ಮಾಡಿದ್ದೀನಾ?"

"ಇಲ್ಲ" ಎಂದೆ.

"ಮತ್ತೆ ಎಂತಕ್ಕೆ ನನ್ನ ಮುಖ ನೋಡ್ತೀಯ? ಬಲಕ್ಕೆ ತಿರುಗ್ಸು."

ಬದಲಿಸಲು ಬಟ್ಟೆಯಿಲ್ಲ, ಹಲ್ಲುಜ್ಜುವ ಬ್ರಷ್ ಇಲ್ಲ, ದೇವಸ್ಥಾನದ ಪ್ರಸಾದದ ಪೊಟ್ಟಣ ಒಂದು ಹಿಂದಿನ ಸೀಟಿನಲ್ಲಿ. ಹಾಗೆಯೇ ಘಾಟಿ ಇಳಿದೆವು. ಮಾರನೆಯ ದಿನದ ಸ್ಕ್ಯಾನಿನಲ್ಲಿ ಎದೆಯ ನಡುವೆ, ಶ್ವಾಸನಾಳದ ಮಗ್ಗುಲಲ್ಲಿ ಒಂದು ಚುಕ್ಕೆ ಹೊಳೆಯಿತು. ಡಾಕ್ಟರು ಪರದೆಯ ಮೇಲೆ ತೋರಿಸಿದರು, ಕಾಳುಮೆಣಸಿನ ಕಾಳಿಗಿಂತ ತುಸು ದೊಡ್ಡದು. ಗಂಟಲೊಳಗಿಂದ ಕೊಳವೆ ಬಿಟ್ಟು ಅದರಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಡಾಕ್ಟರು ಹೇಳಿದ್ದ ಅದೇ ಬಗೆಯ ಕ್ಯಾನ್ಸರ್.

"ಬೇಗ ಸಿಕ್ಕಿತು. ರಕ್ತ ಹೇಳದಿದ್ರೆ ನಾವು ಅಲ್ಲಿ ಹುಡುಕ್ತಲೇ ಇರ್ಲಿಲ್ಲ" ಎಂದರು ಡಾಕ್ಟರು. ನನಗೆ ಆ ಬೇಗ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕೆನ್ನಿಸಿತು. ಇವರು, "ಹಾಗಾದ್ರೆ ನನ್ನ ನಾಲಗೆ ಸುಳ್ಳು ಹೇಳ್ಲಿಲ್ಲ. ಹುಳುಕು ಇದೆ ಅಂತಲೇ ಹೇಳ್ತಿತ್ತು" ಎಂದರು. ಅಂಥ ಹೊತ್ತಿನಲ್ಲೂ ನಾಲಗೆಯ ಜಂಬ ನೋಡಿ.

ಆಮೇಲಿನದೆಲ್ಲ ಎಲ್ಲ ಮನೆಗಳಲ್ಲೂ ಆಗುವಂಥದೇ. ಮಳೆಗಾಲ ಪೂರ್ತಿ ಮೇಲೆ ಕೆಳಗೆ ಓಡಾಟ, ಕೀಮೋ, ಎದೆಗೆ ಕರೆಂಟು ಕೊಡುವುದು, ಉದುರಿದ ಕೂದಲು, ವಾಂತಿಯ ಬಕೆಟ್. ಸ್ನಾಯುವಿಗೆ ಬಲ ಬರಲು ಬೇರೆ ಮಾತ್ರೆ. ಮೂಡಿಗೆರೆಯ ಗೆಳೆಯರು ದಾರಿಯಲ್ಲಿ ಕಾದು ನಿಂತು ಗಂಜಿಯ ಕ್ಯಾರಿಯರ್ ಕೊಡುತ್ತಿದ್ದರು, ಹುಳಿ ಉಪ್ಪಿನಕಾಯಿಯ ಜೊತೆ. ಪಕ್ಕಕ್ಕಿಟ್ಟ ಲಾಟುಗಳನ್ನೆಲ್ಲ ಬೇರೆಯವರು ರುಚಿ ನೋಡಿ ಪಾಸ್ ಮಾಡಿದ್ದರಂತೆ. "ನಿನ್ನ ದೆಸೆಯಿಂದ ನನ್ನ ಪಲ್ಪರ್ ಹೊಸದಾಯ್ತು ಮಾರಾಯ" ಎಂದು ತಮಾಷೆ ಮಾಡುತ್ತಿದ್ದರು. ನಾನು ಆಸ್ಪತ್ರೆಯ ವರಾಂಡದಲ್ಲಿ ನಡೆದೂ ನಡೆದೂ ಚಪ್ಪಲಿ ಸವೆಸಿದೆ.

ಚಿಕಿತ್ಸೆ ಮುಗಿಯಿತು. ಚುಕ್ಕೆ ಕಾಣುತ್ತಿಲ್ಲ ಎಂದರು. ಇವರು ಕೈ ಊರದೆ ಏಳತೊಡಗಿದರು. ನಾಲಗೆ ಮಾತ್ರ ತಿರುಗಿ ಬರಲು ತಡಮಾಡಿತು. ಕಾರ್ತಿಕದ ಒಂದು ಚಳಿಯ ಬೆಳಿಗ್ಗೆ ಲೋಟ ಕೊಟ್ಟು ಒಳಗೆ ಹೋಗಿದ್ದೆ. ಹಿಂದಿನಿಂದ ಕೂಗು ಕೇಳಿಸಿತು. "ಏನೇ ಇದು, ಹಾಲು ಹಸಿ ಹಸಿ ವಾಸನೆ! ಒಂದು ಕುದಿ ಬರೋ ತನಕ ನಿಲ್ಲೋದಕ್ಕೂ ನಿಂಗೆ ತಾಳ್ಮೆ ಇಲ್ವಾ?"

ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅಳುತ್ತಲೇ, ಇಷ್ಟು ಮಾಡಿದ್ದಕ್ಕೆ ನಿಮ್ಮಿಂದ ಇದೇ ಕೇಳಬೇಕಾ ಎಂದು ಬೈದೆ. ಅವರು ಬಾಗಿಲಿಗೆ ಬಂದು ನಿಂತು, ತಮಗೂ ಆಗಲೇ ಹೊಳೆದವರ ಹಾಗೆ, ಬೆರಳಿನಿಂದ ತಮ್ಮ ತುಟಿ ಮುಟ್ಟಿಕೊಂಡರು. ಬಾಯಿ ಒದ್ದೆಯಿತ್ತು.

ಡಾಕ್ಟರು ಖುಷಿಪಟ್ಟರು, ಎಚ್ಚರಿಕೆಯನ್ನೂ ಹೇಳಿದರು. "ಈ ಕ್ಯಾನ್ಸರ್ ತಿರುಗಿ ಬರುವ ಜಾತಿದು. ಬಂದ್ರೆ ಕೆಲವೊಮ್ಮೆ ಸ್ಕ್ಯಾನಿಗಿಂತ ಮೊದಲು ಮೈಗೆ ಗೊತ್ತಾಗ್ತದೆ. ಬಾಯಿ ಒಣಗುದು, ರುಚಿ ಹೋಗುದು, ಏಳ್ಲಿಕ್ಕೆ ಕಷ್ಟ ಆಗುದು, ಯಾವುದೇ ಆದ್ರೂ ಮುಂದಿನ ತಾರೀಕಿಗೆ ಕಾಯ್ಬೇಡಿ."

ಅವತ್ತಿನಿಂದ ನಾನು ಒಂದು ಕೆಲಸ ಶುರುಮಾಡಿದೆ. ಆಗಾಗ ಬೇಕೆಂದೇ ಕಾಫಿ ಕೆಡಿಸುತ್ತೇನೆ. ಒಂದು ದಿನ ಹಾಲು ಸೀಯಿಸುತ್ತೇನೆ, ಇನ್ನೊಂದು ದಿನ ಚಿಕೋರಿ ಜಾಸ್ತಿ ಬೆರೆಸುತ್ತೇನೆ. ಕೊಟ್ಟು, ಬಾಗಿಲ ಮರೆಯಲ್ಲಿ ಉಸಿರು ಹಿಡಿದು ನಿಲ್ಲುತ್ತೇನೆ. "ಥೂ, ಇದೇನಿದು!" ಎಂಬ ಕೂಗು ಬಿದ್ದ ಮೇಲೆ ಆ ದಿನದ ಮಟ್ಟಿಗೆ ನನ್ನ ಮಿಷನ್ ಸರಾಗ ಓಡುತ್ತದೆ. ಗೆಳೆಯರಿಗೆ ಈ ಗುಟ್ಟು ಗೊತ್ತು. "ಅತ್ತಿಗೆ, ನಿಮ್ಮ ಪರೀಕ್ಷೆಗೆ ನನ್ನ ಕಾಫಿ ಮಾನ ತೆಗೀಬೇಡಿ" ಎನ್ನುತ್ತಾರೆ. ಇವರಿಗೂ ಗೊತ್ತಿರಬಹುದು. ಕೇಳಿಲ್ಲ. ಎರಡು ಕುಯ್ಲು ಹೀಗೇ ಬೈಸಿಕೊಂಡು ಕಳೆದೆ.

ಮೊನ್ನೆ ಬೆಳಿಗ್ಗೆ ಹಿಂದಿನ ದಿನದ ಡಿಕಾಕ್ಷನ್ನನ್ನೇ ಒಲೆಯ ಮೇಲೆ ಕೊತಕೊತ ಕುದಿಸಿ ಕೊಟ್ಟೆ. ಇದಕ್ಕಿಂತ ದೊಡ್ಡ ಪಾಪ ಅವರ ಲೆಕ್ಕದಲ್ಲಿ ಇಲ್ಲ. ಜಗುಲಿಯ ಕುರ್ಚಿಯಲ್ಲಿ ಕೂತು ಪೇಪರ್ ನೋಡುತ್ತಾ ಕುಡಿದರು. ನಾನು ಬಾಗಿಲ ಮರೆಯಲ್ಲಿ ನಿಂತೇ ಇದ್ದೆ. ಲೋಟ ಖಾಲಿಯಾಯಿತು.

"ಇವತ್ತು ಚೆನ್ನಾಗಿದೆ ಕಣೇ" ಎಂದರು.

ನಾನು ಅವರ ಮುಂದೆ ಬಂದು ನಿಂತೆ. "ಏನಂದ್ರಿ?"

"ಚೆನ್ನಾಗಿದೆ ಅಂದೆ. ಒಂದ್ಸಲ ಹೊಗಳಿದ್ರೂ ತಪ್ಪಾ ಮಾರಾಯ್ತಿ?"

"ಕೈ ಕಟ್ಕೊಂಡು ಏಳಿ."

"ನಿಂಗೆ ಹುಚ್ಚು" ಎಂದು ನಕ್ಕರು. ನಗುತ್ತಲೇ ಪೇಪರ್ ಮಡಚಿಟ್ಟು, ಎರಡು ಕೈಗಳನ್ನೂ ಎದೆಯ ಮೇಲೆ ಕಟ್ಟಿ, ಮುಂದಕ್ಕೆ ಬಾಗಿದರು. ಮೈ ಕುರ್ಚಿಯಿಂದ ಸ್ವಲ್ಪ ಮೇಲೆ ಬಂದು ಮತ್ತೆ ಕೂತುಕೊಂಡಿತು. "ಈ ಕುರ್ಚಿ ತಗ್ಗು" ಎಂದರು. ಮತ್ತೆ ಬಾಗಿದರು. ಈ ಸಲ ಎದ್ದರು. ಎದ್ದು, ಕೈ ಕಟ್ಟಿಕೊಂಡೇ ನೆಟ್ಟಗೆ ನಿಂತರು.

"ನೋಡಿದ್ಯಾ? ಎರಡನೇ ಸಲಕ್ಕೆ ಎದ್ದೆ" ಎಂದರು, ಗೆದ್ದವರ ಹಾಗೆ.

ಆ ಮಾತು ಬಾಯಿಂದ ಬಿದ್ದ ಮೇಲೆ ಅದು ಅವರಿಗೂ ಕೇಳಿಸಿತು. ನಗು ಅಲ್ಲೇ ನಿಂತಿತು. ನಾನು ಒಳಗೆ ಹೋಗಿ ಕಾರಿನ ಕೀ ತೆಗೆದುಕೊಂಡೆ. ಬರುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದರು.